ಅಗ್ಗದ ಜಲಜನಕ, ದುಬಾರಿ ಭ್ರಮೆ

ಮನೆಯಲ್ಲೇ ನೀರಿನಿಂದ ಜಲಜನಕ ತೆಗೆದು ಸ್ಕೂಟರು, ಜನರೇಟರು ಓಡಿಸಬಹುದೆಂದು ಸಾರುವವರು ಈಚೆಗೆ ನಮ್ಮ ನಡುವೆಯೂ ಹೆಚ್ಚಿದ್ದಾರೆ. ಅದು ಲಾಭದಾಯಕವೇ ಎಂಬ ಪ್ರಶ್ನೆಯನ್ನು ಅವರು ಎಂದೋ ದಾಟಿಬಿಟ್ಟಿದ್ದಾರೆ. ಈಗಿನ ಚರ್ಚೆಯೆಲ್ಲ ಇನ್ನೂ ಅಗ್ಗವಾಗಿ ಮಾಡುವುದು ಹೇಗೆ ಎಂಬುದೇ. ಅಡಿಗೆಮನೆಯ ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಡಬ್ಬಿ, ಹಳೆಯ ಬ್ಯಾಟರಿ, ಒಂದಿಷ್ಟು ಕಾಸ್ಟಿಕ್ ಸೋಡಾ ಸಾಕಂತೆ! ಈ ಮಿತವ್ಯಯವನ್ನು ನಾನು ಖಂಡಿಸುತ್ತೇನೆ. ಇಲ್ಲಿ ಇಳಿಸಬೇಕಾದ ಖರ್ಚನ್ನು ಇಳಿಸುವುದು ಇವರಿಂದಾಗದು. ಇಳಿಸಬಾರದ ಖರ್ಚನ್ನೇ ಇಳಿಸುತ್ತಿದ್ದಾರೆ.

ಮೊದಲು ಲೆಕ್ಕ ನೋಡೋಣ. 9 ಲೀಟರ್ ನೀರನ್ನು ಒಡೆದರೆ 1 ಕಿಲೋ ಜಲಜನಕ ಸಿಗುತ್ತದೆ. ಇದಕ್ಕೆ ಕಾರ್ಖಾನೆಯ ಒಳ್ಳೆಯ ಯಂತ್ರಕ್ಕೂ ಸುಮಾರು 50 ಯೂನಿಟ್ ವಿದ್ಯುತ್ ಬೇಕು. ಹಾಗೆ ದೊರೆತ ಜಲಜನಕದ ಕಾವು ಸುಮಾರು 33 ಯೂನಿಟ್. ಸಣ್ಣ ಎಂಜಿನು ಅದರ ಕಾಲುಭಾಗವನ್ನು ಕೆಲಸಕ್ಕೆ ತಂದರೆ ಉಳಿಯುವುದು 8 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯೆಂದು ಹಿಡಿದರೂ 350 ರೂಪಾಯಿ ಸುರಿದು 56 ರೂಪಾಯಿ ಪಡೆದಂತಾಯಿತು. ತಟ್ಟೆ, ಡಬ್ಬಿ ಪುಕ್ಕಟೆ ಸಿಕ್ಕರೂ ಈ ನಷ್ಟ ತಪ್ಪದು. "ವಿದ್ಯುತ್ತನ್ನು ವಾಹನದ ಎಂಜಿನಿನಿಂದಲೇ ಪಡೆಯುತ್ತೇವೆ" ಎನ್ನುವವರುಂಟು. ಆ ಎಂಜಿನು ಓಡುವುದು ಪೆಟ್ರೋಲಿನಿಂದ ತಾನೆ?

ವಿಜಯವಾಡದ ಬಳಿಯ ಇಬ್ರಾಹಿಂಪಟ್ನಂ ಅನ್ನು ನೋಡಿ. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಹೋದ ಕೃಷ್ಣೆಯ ದಡದ ಊರು ಅದು. ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1979ರಿಂದ ಕಲ್ಲಿದ್ದಲು ಉರಿಸುತ್ತಿದೆ. ಉಳಿದ ಬೂದಿಯನ್ನು ಯಾರಾದರೂ ಮತ್ತೆ ಒಲೆಗೆ ಹಾಕುತ್ತಾರೆಯೇ? ನೀರೂ ಅಂಥದೇ: ಜಲಜನಕ ಉರಿದು ಉಳಿದ ಬೂದಿ. ಅದನ್ನು ಮತ್ತೆ ಇಂಧನ ಮಾಡಬೇಕಾದರೆ ಉರಿದಾಗ ಹೋದ ಶಕ್ತಿಯನ್ನೆಲ್ಲ, ಮೇಲೊಂದಿಷ್ಟು ಸೇರಿಸಿ, ಹೊರಗಿನಿಂದ ತುಂಬಲೇಬೇಕು.

ಆ ಕೇಂದ್ರದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅಲ್ಲಿಯ 210 ಮೆಗಾವಾಟ್ ಜನರೇಟರುಗಳ ಕಾವನ್ನು ಹೀರಲು ಬಳಸುವುದು ಜಲಜನಕವನ್ನೇ. ಇಂಥ ಯಂತ್ರಕ್ಕೆ ಜಲಜನಕ ತುಂಬುವ ಮುಂಚೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಾಳಿಯನ್ನು ಹೊರದೂಡುತ್ತಾರೆ. ತೆಗೆಯುವಾಗಲೂ ಅದೇ ಕ್ರಮ. ಗಾಳಿಯೂ ಜಲಜನಕವೂ ಸೇರಬಾರದೆಂಬುದೇ ಇದರ ಗುಟ್ಟು. ಏಕೆಂದರೆ ಗಾಳಿಯಲ್ಲಿ ಜಲಜನಕ ಶೇಕಡಾ 4ರಿಂದ 75ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಬಟ್ಟೆಯ ಉಜ್ಜಾಟದಿಂದ ಹುಟ್ಟುವ ಕಿಡಿಯೇ ಅದಕ್ಕೆ ಸಾಕು.

ನಮ್ಮ ಮಿತವ್ಯಯಿಗಳೋ ಜಲಜನಕ, ಆಮ್ಲಜನಕ ಎರಡನ್ನೂ ಒಂದೇ ಕೊಳವೆಯಲ್ಲಿ ಬೆರೆಸಿ ತರುತ್ತಾರೆ! ಎರಡನ್ನೂ ಬೇರ್ಪಡಿಸುವ ಪೊರೆ ದುಬಾರಿ, ಬಿಡಿ. ಬೆಂಕಿ ಹಿಮ್ಮರಳದಂತೆ ತಡೆಯುವ ಕವಾಟ ದುಬಾರಿ, ಬಿಡಿ. ಕಾಸ್ಟಿಕ್ ಸೋಡಾ ಬದಲು ಅಡಿಗೆ ಉಪ್ಪು ಹಾಕಿ ಎಂಬ ಸಲಹೆ ಬೇರೆ. ಅದರಿಂದ ಹೊರಡುವುದು ವಿಷಾನಿಲ ಕ್ಲೋರಿನ್. ಸ್ಟೀಲ್ ತಟ್ಟೆ ಸವೆದು ನೀರಿಗೆ ಸೇರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಇದು ಉಳಿತಾಯವಲ್ಲ, ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ. ಅದೂ ಗೋಡೆಗೆ ಗೋಡೆ ತಾಗಿದ ಮಹಾನಗರದ ಮನೆಗಳಲ್ಲಿ!

"ತೈಲ ಕಂಪೆನಿಗಳು ಈ ಸತ್ಯವನ್ನು ಅಡಗಿಸಿವೆ" ಎಂಬ ಮಾತೂ ಕೇಳಿಬರುತ್ತದೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಅವರ ಗಿಡಮೂಲಿಕೆ ಪೆಟ್ರೋಲಿನ ಪರವಾಗಿಯೂ ಇಂಥದೇ ಮಾತು ಕೇಳಿತ್ತು. 2016ರಲ್ಲಿ ಚೆನ್ನೈ ನ್ಯಾಯಾಲಯ ಅವರಿಗೆ ಸೆರೆಮನೆ ಶಿಕ್ಷೆ ವಿಧಿಸಿತು. ಜಲಜನಕವನ್ನಂತೂ ಯಾರೂ ಅಡಗಿಸಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಜಲಜನಕಕ್ಕೆಂದೇ 19,744 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. 2025ರ ಜನವರಿಯಲ್ಲಿ ವಿಶಾಖಪಟ್ಟಣದ ಬಳಿಯ ಪುಡಿಮಡಕದಲ್ಲಿ ಅದರ ಬೃಹತ್ ಕೇಂದ್ರವೊಂದಕ್ಕೆ ಶಂಕುಸ್ಥಾಪನೆಯಾಯಿತು. ಅಲ್ಲಿಯೂ ಮುಖ್ಯ ಚಿಂತೆ ಸೂರ್ಯ, ಗಾಳಿಗಳಿಂದ ವಿದ್ಯುತ್ತನ್ನು ಅಗ್ಗವಾಗಿ ಪಡೆಯುವುದೇ. ಪುಕ್ಕಟೆ ಶಕ್ತಿಯ ಮಾತು ಅಲ್ಲಿಲ್ಲ.

ಮಕ್ಕಳಿಗೆ ವಿದ್ಯುದ್ವಿಭಜನೆ ತೋರಿಸಬೇಕೆ? ಶಾಲೆಯ ಪ್ರಯೋಗಶಾಲೆಯಲ್ಲಿ, ಉಪಾಧ್ಯಾಯರ ಎದುರಿಗೆ, ಒಂದು ಪ್ರನಾಳದಷ್ಟು ಜಲಜನಕ ಸಾಕು. ಮನೆಯ ಖರ್ಚು ಇಳಿಸಬೇಕೆ? ಆ ಹಣದಲ್ಲಿ ಹಳೆಯ ಫ್ಯಾನು, ಬಲ್ಬುಗಳನ್ನು ಬದಲಾಯಿಸಿ. ಮುಂದಿನ ಬಿಲ್ಲಿನಲ್ಲೇ ಫಲ ಕಾಣುತ್ತದೆ. ಸಂಘದ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹ ಇಷ್ಟೆ: ಈ ಡಬ್ಬಿಗಳ ಪ್ರದರ್ಶನಕ್ಕೆ ನಮ್ಮ ಸಭಾಂಗಣವನ್ನು ದಯವಿಟ್ಟು ಕೊಡಬೇಡಿ.