ಪಾಸ್‌ಬುಕ್ ಇಲ್ಲದ ದುಡಿಮೆ

ಮದುವೆ ಮಾತುಕತೆ ನಡೆಯುವ ಮನೆಗಳಲ್ಲಿ ಈಚೆಗೆ ಒಂದು ಹೊಸ ಮೌನ ಕಾಣಿಸಿಕೊಂಡಿದೆ. ಹುಡುಗನಿಗೆ ಕೆಲಸವೇನು ಎಂದು ಹೆಣ್ಣಿನ ಕಡೆಯ ಹಿರಿಯರು ಕೇಳುತ್ತಾರೆ. 'ಮನೆಯಲ್ಲೇ ಕುಳಿತು ಕಂಪ್ಯೂಟರ್‌ನಲ್ಲಿ ಕೆಲಸ ಮಾಡುತ್ತಾನೆ' ಎಂಬ ಉತ್ತರ ಬರುತ್ತದೆ. ಯಾವ ಕಂಪೆನಿ? ಕಂಪೆನಿ ಇಲ್ಲ. ಸಂಬಳ ಎಷ್ಟು? ಒಂದೊಂದು ತಿಂಗಳು ಒಂದೊಂದು ರೀತಿ. ಅಲ್ಲಿಗೆ ಮಾತು ಮುಗಿಯುತ್ತದೆ. ಅದೇ ಹುಡುಗ ದುಬೈಯ ಯಾವುದೋ ಅಂಗಡಿಯಲ್ಲಿ ಮಾರಾಟಗಾರನಾಗಿದ್ದರೆ ಮಾತುಕತೆ ಮುಂದುವರಿಯುತ್ತಿತ್ತೇನೋ. ಇನ್ನು ಹುಡುಗಿಯೊಬ್ಬಳು ಇದೇ ಕೆಲಸ ಮಾಡುತ್ತಿದ್ದರಂತೂ ಅದನ್ನು ಕೆಲಸವೆಂದೇ ಯಾರೂ ಪರಿಗಣಿಸುವುದಿಲ್ಲ. 'ಮೊಬೈಲಿನಲ್ಲಿ ಏನೋ ಮಾಡುತ್ತಿರುತ್ತಾಳೆ' ಎಂದಷ್ಟೇ ಹೇಳಲಾಗುತ್ತದೆ.

ಹಿರಿಯರ ಈ ಸಂದೇಹ ಸಂಪೂರ್ಣ ನಿರಾಧಾರವಲ್ಲ. ಆದರೆ ಯಾವುದನ್ನು ಸಂದೇಹಿಸಬೇಕು ಎಂಬಲ್ಲಿ ನಾವು ಎಡವುತ್ತಿದ್ದೇವೆ. ಕಚೇರಿ ಇಲ್ಲದಿರುವುದು ಈ ದುಡಿಮೆಯ ದೋಷವಲ್ಲ. ಕರಾರಿಲ್ಲ, ಲೆಕ್ಕವಿಲ್ಲ, ನಾಳೆಯ ಭದ್ರತೆಯಿಲ್ಲ ಎಂಬುದೇ ಅದರ ದೋಷ. ಇದು ತಿದ್ದಬಹುದಾದ ದೋಷ. ಮಾತ್ರವಲ್ಲ, ಇದನ್ನು ತಿದ್ದಿದ ಅನುಭವವೂ ನಮ್ಮ ಮನೆಗಳಲ್ಲೇ ಇದೆ.

2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯನ್ನು ನೆನಪಿಸಿಕೊಳ್ಳೋಣ. ದುಡಿಯುವ ಮುಸ್ಲಿಮರಲ್ಲಿ ಸುಮಾರು ಶೇ. 61ರಷ್ಟು ಮಂದಿ ಸ್ವಯಂ ಉದ್ಯೋಗಿಗಳು ಎಂದು ಅದು ಹೇಳಿತ್ತು. ಹಿಂದೂ ದುಡಿಮೆಗಾರರಲ್ಲಿ ಈ ಪ್ರಮಾಣ ಸುಮಾರು ಶೇ. 55. ಅರ್ಥಾತ್, ಸಂಬಳದ ಚೀಟಿಯಿಲ್ಲದ ಬದುಕು ಈ ಸಮುದಾಯಕ್ಕೆ ಹೊಸತಲ್ಲ. ಮನೆಯ ಜಗಲಿಯಲ್ಲಿ ಕುಳಿತು, ಕಾಣದ ಊರಿನ ಗಿರಾಕಿಗಾಗಿ ದುಡಿಯುವುದೂ ಹೊಸತಲ್ಲ. ಕರಾವಳಿಯ ಸಾವಿರಾರು ಮುಸ್ಲಿಮ್ ಮನೆಗಳಲ್ಲಿ ಮಹಿಳೆಯರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಎಲೆ, ಹೊಗೆಸೊಪ್ಪು ಕಂಟ್ರಾಕ್ಟರನಿಂದ ಬರುತ್ತಿತ್ತು. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ. ಕಳಪೆ ಎಂದು ತೆಗೆದಿಟ್ಟ ಬೀಡಿಗೆ ಮಜೂರಿಯಿಲ್ಲ. ಬೀಡಿ ಎಲ್ಲಿ ಮಾರಾಟವಾಗುತ್ತದೆ, ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದು ಕಟ್ಟಿದವಳಿಗೆ ತಿಳಿಯುತ್ತಿರಲಿಲ್ಲ.

ಇಂದಿನ ಹೊರಗುತ್ತಿಗೆಯ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1997ರಲ್ಲಿ ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪೆನಿಯು ಗುರ್‌ಗಾಂವ್‌ನಲ್ಲಿ ತನ್ನ ಕಚೇರಿ ಕೆಲಸಗಳ ಘಟಕವನ್ನು ಆರಂಭಿಸಿದಾಗ, ಹೊರಗುತ್ತಿಗೆ ಎಂದರೆ ಗಾಜಿನ ಕಟ್ಟಡ, ರಾತ್ರಿ ಪಾಳಿ ಮತ್ತು ತಿಂಗಳ ಸಂಬಳ ಎಂದಾಗಿತ್ತು. ಇಂದು ಆ ಕೆಲಸ ತುಂಡುತುಂಡಾಗಿ ಮನೆ ಸೇರಿದೆ. ಲಂಡನ್ನಿನ ವ್ಯಾಪಾರಿಯ ಲೆಕ್ಕಪತ್ರ, ಅಮೆರಿಕದ ವೈದ್ಯನ ಟಿಪ್ಪಣಿ, ಬೆಂಗಳೂರಿನ ಅಂಗಡಿಯ ಜಾಹೀರಾತು ಚಿತ್ರ ಇವೆಲ್ಲ ಶಿವಮೊಗ್ಗದಲ್ಲೋ ಭಟ್ಕಳದಲ್ಲೋ ಕುಳಿತವರ ಕೈಗೆ ಬರುತ್ತವೆ. ನಡುವೆ ಇಬ್ಬರು ಮೂವರು ಮಧ್ಯವರ್ತಿಗಳಿರುತ್ತಾರೆ. ಪ್ರತಿ ಹಂತದಲ್ಲೂ ಕಮಿಷನ್ ಕಳೆಯುತ್ತದೆ. ಕೆಲಸ ತಿರಸ್ಕೃತವಾದರೆ ಹಣವಿಲ್ಲ. ಮೊರದ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ ಎಂಬುದನ್ನು ಬಿಟ್ಟರೆ ವ್ಯವಸ್ಥೆ ಅದೇ.

ಆದರೆ ಒಂದು ವ್ಯತ್ಯಾಸವಿದೆ. ಬೀಡಿ ಕಟ್ಟುವ ತಾಯಿಯನ್ನು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕಾರ್ಮಿಕಳೆಂದು ಗುರುತಿಸಿತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಮನೆಯಲ್ಲಿ ಕುಳಿತು ಕಟ್ಟುವವರು ನಮ್ಮ ನೌಕರರಲ್ಲ ಎಂದು ಮಾಲಕರು ವಾದಿಸಿದಾಗ, ಅವರೂ ಭವಿಷ್ಯ ನಿಧಿಗೆ ಅರ್ಹರು ಎಂದು 1985ರಲ್ಲಿ ಸುಪ್ರೀಮ್ ಕೋರ್ಟ್ ತೀರ್ಪಿತ್ತಿತು. ಕಾರ್ಮಿಕ ಸಂಘಟನೆಗಳ ಹೋರಾಟ ಅದರ ಹಿಂದಿತ್ತು. ಆದ್ದರಿಂದಲೇ ಅಕ್ಷರ ಬಾರದ ಎಷ್ಟೋ ತಾಯಂದಿರ ಪೆಟ್ಟಿಗೆಯಲ್ಲಿ ಒಂದು ಪಾಸ್‌ಬುಕ್ ಇತ್ತು. ಪದವಿ ಪಡೆದು ಇಂಗ್ಲಿಷ್ ಬಲ್ಲ ಅವಳ ಮಗಳು ಇಂದು ಆನ್‌ಲೈನ್‌ನಲ್ಲಿ ದುಡಿಯುತ್ತಾಳೆ. ಅವಳ ಪೆಟ್ಟಿಗೆಯಲ್ಲಿ ಏನಿದೆ?

ಸರಕಾರಗಳು ಈ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟಿವೆ. 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029-30ರ ವೇಳೆಗೆ ಅವರು 2.35 ಕೋಟಿಯಾಗಬಹುದು ಎಂದು ನೀತಿ ಆಯೋಗವು 2022ರ ವರದಿಯಲ್ಲಿ ಅಂದಾಜಿಸಿತು. ಇಂಥವರನ್ನು ಮೊದಲ ಬಾರಿ ಗುರುತಿಸಿದ ಸಾಮಾಜಿಕ ಭದ್ರತಾ ಸಂಹಿತೆಯು 2020ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಐದು ವರ್ಷಗಳ ಕಾಲ ಅದು ಕಾಗದದಲ್ಲೇ ಇತ್ತು. ಕರ್ನಾಟಕವು 2025ರಲ್ಲಿ ತನ್ನದೇ ಕಾಯ್ದೆಯನ್ನು ತಂದಿರುವುದು ಶ್ಲಾಘನೀಯ. ಕಂಪೆನಿಗಳು ಕಾರ್ಮಿಕರಿಗೆ ಕೊಡುವ ಪಾವತಿಯ ಮೇಲೆ ಶೇ. 1ರಿಂದ 5ರ ವರೆಗೆ ಕಲ್ಯಾಣ ಶುಲ್ಕವನ್ನು ವಿಧಿಸಲು ಅದರಲ್ಲಿ ಅವಕಾಶವಿದೆ. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟೀಸು ಕೊಡಬೇಕೆಂಬ ನಿಯಮವೂ ಇದೆ. ಆದರೆ ಈ ಎರಡೂ ಕಾನೂನುಗಳು ನಿಂತಿರುವುದು ನಡುವೆ ಒಂದು ಆ್ಯಪ್ ಕಂಪೆನಿ ಇದೆ ಎಂಬ ಆಧಾರದ ಮೇಲೆ. ಆಹಾರ ತಲಪಿಸುವ ಯುವಕ, ಟ್ಯಾಕ್ಸಿ ಚಾಲಕ ಇದರ ನೆರಳಿಗೆ ಬರುತ್ತಾರೆ. ಗಿರಾಕಿಯಿಂದ ನೇರವಾಗಿ ಕೆಲಸ ಪಡೆದು ಮನೆಯಲ್ಲಿ ದುಡಿಯುವವರು ಬಿಸಿಲಿನಲ್ಲೇ ಉಳಿಯುತ್ತಾರೆ. ಅವರ ಪರವಾಗಿ ಮಾತಾಡುವವರು ಶಾಸನಸಭೆಯಲ್ಲಿ ಮಾತ್ರವಲ್ಲ, ಸಮುದಾಯದಲ್ಲೂ ಇಲ್ಲ.

ಹಾಗೆಂದು ಈ ಕ್ಷೇತ್ರವನ್ನೇ ತಿರಸ್ಕರಿಸುವುದು ಬುದ್ಧಿವಂತಿಕೆಯಲ್ಲ. ಕೊಲ್ಕತ್ತಾದ ಮೇಟಿಯಾಬುರ್ಜ್ ಅನ್ನು ನೋಡಿ. ಅವಧದ ನವಾಬ ವಾಜಿದ್ ಅಲಿ ಶಾ ರಾಜ್ಯ ಕಳಕೊಂಡ ಬಳಿಕ ನೆಲೆಸಿದ ಆ ಪ್ರದೇಶ ಇಂದು ಹೊಲಿಗೆ ಕೆಲಸಕ್ಕೆ ಪ್ರಸಿದ್ಧ. ಅಲ್ಲಿ ಐಮೆರಿಟ್ ಎಂಬ ಸಂಸ್ಥೆಯ ಕೇಂದ್ರದಲ್ಲಿ ಮುಸ್ಲಿಮ್ ಕುಟುಂಬಗಳ ಯುವತಿಯರು ಕೃತಕ ಬುದ್ಧಿಮತ್ತೆಗೆ ಬೇಕಾದ ಚಿತ್ರಗಳನ್ನು ಗುರುತಿಸಿ ವರ್ಗೀಕರಿಸುವ ಕೆಲಸ ಮಾಡಿದ್ದಾರೆ. ನಮ್ಮದೇ ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆಯು ಹಳ್ಳಿಯ ಜನರಿಂದ ಕನ್ನಡದ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಕೂಲಿ ಕೊಟ್ಟಿದೆ. ಆ ಧ್ವನಿ ಮತ್ತೆ ಮಾರಾಟವಾದರೆ ದುಡಿದವರಿಗೆ ರಾಯಧನ ಸಲ್ಲಬೇಕೆಂಬ ನಿಯಮವನ್ನೂ ಅದು ಮಾಡಿಕೊಂಡಿದೆ. ಬೀಡಿ ಎಷ್ಟಕ್ಕೆ ಮಾರಾಟವಾಯಿತೆಂದು ತಿಳಿಯದೆ ಬದುಕು ಸವೆಸಿದ ತಾಯಂದಿರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು?

ಮೊದಲನೆಯದಾಗಿ, ಬರೆದಿಡಬೇಕು. ಕೊಡು-ಕೊಳ್ಳುವಿಕೆಯನ್ನು ಬರೆದಿಡುವಂತೆ ಪವಿತ್ರ ಕುರ್‌ಆನ್ ಬಕರಃ ಅಧ್ಯಾಯದ 282ನೇ ವಚನದಲ್ಲಿ ವಿವರವಾಗಿ ಆದೇಶಿಸಿದೆ. ಅದನ್ನು ಓದುವ ನಾವು, ವಾಟ್ಸಾಪಿನ ಒಂದು 'ಓಕೆ'ಯನ್ನು ನಂಬಿ ತಿಂಗಳುಗಟ್ಟಲೆ ದುಡಿಯುತ್ತೇವೆ. ಕೆಲಸವೇನು, ಗಡುವು ಯಾವಾಗ, ಮುಂಗಡ ಎಷ್ಟು, ತಿದ್ದುಪಡಿ ಎಷ್ಟು ಬಾರಿ, ಹಣ ಯಾವಾಗ ಎಂಬ ಐದು ಸಾಲುಗಳ ಇ-ಮೇಲ್ ಕೂಡ ಕರಾರಾಗುತ್ತದೆ. ಜೊತೆಗೆ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬೇಕು. ಸರಕಾರದ ಪೋರ್ಟಲಿನಲ್ಲಿ ಇದಕ್ಕೆ ಶುಲ್ಕವಿಲ್ಲ. ನೋಂದಾಯಿತ ಸಣ್ಣ ಉದ್ಯಮಿಯ ಹಣವನ್ನು ದೇಶದೊಳಗಿನ ಗಿರಾಕಿ ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹೊಣೆ ಅವನ ಮೇಲೆ ಬೀಳುತ್ತದೆ. ಬಡ್ಡಿ ನಮಗೆ ಬೇಡ ಎನ್ನೋಣ. ಬೆವರಿನ ಅಸಲನ್ನು ವಸೂಲು ಮಾಡಲು ದೂರು ಕೊಡುವ ದಾರಿಯಂತೂ ತೆರೆದಿದೆ.

ಎರಡನೆಯದಾಗಿ, ದುಡಿದವಳ ಹಣ ಅವಳ ಖಾತೆಗೆ ಬರಬೇಕು. ಮಗಳು ಕೇಕ್ ಮಾಡಿ, ಬುರ್ಖಾ ಹೊಲಿದು ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಾಳೆ; ಹಣ ಅಣ್ಣನ ಗೂಗಲ್ ಪೇಗೆ ಬರುತ್ತದೆ. ಇದನ್ನು ನಾವು ಸಹಜವೆಂದು ಭಾವಿಸಿದ್ದೇವೆ. ಹೆಣ್ಣಿನ ಗಳಿಕೆ ಹೆಣ್ಣಿನದು ಎಂದು ಇಸ್ಲಾಮ್ ಸಾರಿದೆಯೆಂದು ವೇದಿಕೆಯಲ್ಲಿ ಹೆಮ್ಮೆಪಡುವವರು ಮನೆಯೊಳಗೆ ಅದನ್ನು ಪಾಲಿಸಬೇಡವೇ? ತನ್ನ ಹೆಸರಿನ ಖಾತೆ, ತನ್ನ ಹೆಸರಿನ ಲೆಕ್ಕ ಇದ್ದರೆ ನಾಳೆ ಅವಳು ಸಾಲಕ್ಕೂ ಅರ್ಹಳು, ತೆರಿಗೆ ವಿವರಣೆಗೂ ಅರ್ಹಳು. ಇಲ್ಲದಿದ್ದರೆ ಹತ್ತು ವರ್ಷ ದುಡಿದರೂ ದಾಖಲೆಯಲ್ಲಿ ಅವಳು ನಿರುದ್ಯೋಗಿ.

ಮೂರನೆಯದಾಗಿ, ಕೆಲಸ ಮತ್ತು ಮೋಸವನ್ನು ಬೇರ್ಪಡಿಸಲು ಮಕ್ಕಳಿಗೆ ಕಲಿಸಬೇಕು. ಕೆಲಸ ಕೊಡುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಡಾಟಾ ಎಂಟ್ರಿಗೆ ಠೇವಣಿ, ಹೊಟೇಲುಗಳಿಗೆ ಅಂಕ ಕೊಡುವ 'ಟಾಸ್ಕ್'ಗೆ ಮುಂಗಡ ಎಂದರೆ ಅದು ಬಲೆ. ಇಂಥ ಅರೆಕಾಲಿಕ ಉದ್ಯೋಗದ ವಂಚನೆ ನಡೆಸುತ್ತಿದ್ದ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ಕೇಂದ್ರ ಸರಕಾರ 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡುವ ಯುವಕರು ಇನ್ನೂ ದೊಡ್ಡ ಅಪಾಯದಲ್ಲಿದ್ದಾರೆ. ಯಾರದೋ ಕದ್ದ ಹಣ ಆ ಖಾತೆಯಲ್ಲಿ ಹಾದುಹೋಗುತ್ತದೆ. ಪೊಲೀಸರು ಬರುವುದು ಖಾತೆದಾರನ ಮನೆಗೆ. ಮೋಸಹೋದವರು ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆಮಾಡಬೇಕು.

ನಾಲ್ಕನೆಯದಾಗಿ, ಒಂದೇ ಕೊಂಬೆಗೆ ಜೋತುಬೀಳಬಾರದು. 2020ರ ಜೂನ್ 29ರಂದು ಟಿಕ್‌ಟಾಕ್ ಸಹಿತ 59 ಆ್ಯಪ್‌ಗಳು ನಿಷೇಧಕ್ಕೊಳಗಾದಾಗ ಅದರಲ್ಲೇ ಬದುಕು ಕಟ್ಟಿಕೊಂಡಿದ್ದವರು ರಾತ್ರೋರಾತ್ರಿ ಬರಿಗೈಯಾದರು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸರಳ ಬರಹ, ಸರಳ ಅನುವಾದದಂಥ ಕೆಲಸಗಳನ್ನು ಯಂತ್ರವೇ ಮಾಡತೊಡಗಿದೆ. ಕೇವಲ ಟೈಪಿಂಗ್ ಬಲ್ಲವರ ಕಾಲ ಮುಗಿಯುತ್ತಿದೆ. ಯಂತ್ರ ಮಾಡಿದ್ದರಲ್ಲಿ ತಪ್ಪು ಹುಡುಕಬಲ್ಲ ಪರಿಣತಿ ಬೇಕಾಗಿದೆ. ಲೆಕ್ಕಶಾಸ್ತ್ರ, ಭಾಷೆ, ವಿನ್ಯಾಸ ಯಾವುದೇ ಇರಲಿ, ಆಳವಾಗಿ ಕಲಿತವರಷ್ಟೇ ಉಳಿಯುತ್ತಾರೆ.

ಇಲ್ಲಿ ಸಮುದಾಯದ ಹೊಣೆಯೂ ಇದೆ. ನಮ್ಮ ಜಮಾಅತ್‌ಗಳು ಮದುವೆ ಸಭಾಂಗಣಗಳಿಗೆ ಕೋಟಿಗಟ್ಟಲೆ ಖರ್ಚು ಮಾಡುತ್ತವೆ. ಆ ಸಭಾಂಗಣಗಳು ವರ್ಷದ ಹೆಚ್ಚಿನ ದಿನ ಬೀಗ ಹಾಕಿರುತ್ತವೆ. ಅದರಲ್ಲೊಂದು ಕೋಣೆಗೆ ಇಂಟರ್ನೆಟ್, ಹತ್ತು ಮೇಜು, ಹೆಣ್ಮಕ್ಕಳಿಗೆ ಪ್ರತ್ಯೇಕ ಸಮಯ, ವಾರಕ್ಕೊಮ್ಮೆ ಬಂದು ಕರಾರು ಮತ್ತು ತೆರಿಗೆಯ ಬಗ್ಗೆ ತಿಳಿಸುವ ಒಬ್ಬ ಲೆಕ್ಕಪರಿಶೋಧಕ ಇಷ್ಟನ್ನು ಒದಗಿಸುವುದು ಅಸಾಧ್ಯವೇ? ಒಬ್ಬೊಬ್ಬರಾಗಿ ಬೆಲೆ ಇಳಿಸಿ ದುಡಿಯುವವರು ಒಂದೆಡೆ ಸೇರಿದರೆ, ಮಜೂರಿ ಎಷ್ಟಿರಬೇಕೆಂದು ಮಾತಾಡುವ ಶಕ್ತಿಯೂ ಬರುತ್ತದೆ. ಬೀಡಿ ಕಾರ್ಮಿಕರಿಗೆ ಪಾಸ್‌ಬುಕ್ ಬಂದದ್ದೂ ಹಾಗೆಯೇ.

ಆದ್ದರಿಂದ ಮುಂದಿನ ಮದುವೆ ಮಾತುಕತೆಯಲ್ಲಿ 'ಯಾವ ಕಂಪೆನಿ' ಎಂದು ಕೇಳುವುದನ್ನು ಬಿಡೋಣ. ಕೈಯಲ್ಲಿ ಯಾವ ವಿದ್ಯೆಯಿದೆ, ಕರಾರು ಬರೆಯುತ್ತಾನೆಯೇ, ಲೆಕ್ಕ ಇಡುತ್ತಾನೆಯೇ ಎಂದು ಕೇಳೋಣ. ಹುಡುಗಿಯೂ ದುಡಿಯುತ್ತಿದ್ದರೆ, ಅವಳ ಹಣ ಅವಳ ಖಾತೆಯಲ್ಲೇ ಇರುತ್ತದೆ ಎಂಬ ಮಾತನ್ನು ಅದೇ ಮಾತುಕತೆಯಲ್ಲಿ ಖಚಿತಪಡಿಸಿಕೊಳ್ಳೋಣ.