ಧಾರಾವಾಹಿಯ ಕೊನೆಯ ಕಾಂಡ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಟಿ.ವಿ. ಧಾರಾವಾಹಿಯೊಂದನ್ನು ಕುರಿತು ಬರೆಯುವದೆಂದರೆ ಕೆಲವು ಗುರುಗಳು ಹುಬ್ಬು ಗಂಟಿಕ್ಕಬಹುದು, ಗೆಳತಿಯರು ನಗಬಹುದು. “ಬೇರೆ ವಿಷಯವೇ ಸಿಗಲಿಲ್ಲವೆ?” ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ನವಲಗುಂದದ ಸುತ್ತಲಿನ ನಮ್ಮಂಥ ಹಳ್ಳಿಗಳಲ್ಲಿ ಕಾದಂಬರಿ ಓದುವ ಮನೆಗಳನ್ನು ಬೆರಳ ಮೇಲೆ ಎಣಿಸಬಹುದು; ಸಂಜೆ ಧಾರಾವಾಹಿ ನೋಡದ ಮನೆಗಳನ್ನೂ ಹಾಗೆಯೇ ಎಣಿಸಬಹುದು. ನಮ್ಮ ಅವ್ವಂದಿರಿಗೆ ಕಾದಂಬರಿಯೂ ಅದೇ, ಪುರಾಣವೂ ಅದೇ, ದೊಡ್ಡಾಟವೂ ಅದೇ. ಅಂದ ಮೇಲೆ ಕಾದಂಬರಿಯನ್ನು ಒರೆಗೆ ಹಚ್ಚಿದಂತೆ ಅದನ್ನೂ ಹಚ್ಚಿ ನೋಡುವದರಲ್ಲಿ ತಪ್ಪೇನು?

ನಾನು ಆರಿಸಿಕೊಂಡದ್ದು ‘ಪುಟ್ಟಕ್ಕನ ಮಕ್ಕಳು’. 2021 ರ ಡಿಸೆಂಬರದಲ್ಲಿ ಜೀ ಕನ್ನಡದಲ್ಲಿ ಮೊದಲಾದ ಈ ಧಾರಾವಾಹಿಯು ಹಲವು ವಾರಗಳವರೆಗೆ ಟಿ.ಆರ್.ಪಿ. ಲೆಕ್ಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಗಂಡುಮಗು ಹುಟ್ಟಲಿಲ್ಲವೆಂದು ಗಂಡ ಬಿಟ್ಟುಹೋದ ಪುಟ್ಟಕ್ಕನು ಮೆಸ್ಸು ನಡೆಸಿ ಸಹನಾ, ಸ್ನೇಹಾ, ಸುಮಾ ಎಂಬ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ಕಥೆಯಿದು. ಪುಟ್ಟಕ್ಕನಾಗಿ ಉಮಾಶ್ರೀಯವರು ಒಲೆಯ ಮುಂದೆ ನಿಂತರೆ ಅವರು ನಟಿಯೆಂಬುದೇ ಮರೆತುಹೋಗುತ್ತಿತ್ತು. ನಡುವಿನ ಮಗಳು ಸ್ನೇಹಾ. ಸಂಜನಾ ಬುರ್ಲಿಯವರು ಆ ಪಾತ್ರವನ್ನು ವಹಿಸಿದ್ದರು. ಅವಳು ಓದಿದಳು, ಅನ್ಯಾಯಕ್ಕೆ ಎದುರು ಮಾತಾಡಿದಳು, ಕೊನೆಗೆ ಜಿಲ್ಲಾಧಿಕಾರಿಯಾದಳು. ಅವಳು ಕುರ್ಚಿಯ ಮೇಲೆ ಕುಳಿತ ಸಂಜೆ ನಮ್ಮ ಓಣಿಯಲ್ಲಿ ಹಬ್ಬದ ಕಳೆ ಇತ್ತು. ನಮ್ಮ ಮನೆತನದಲ್ಲಿ ಬಿ.ಎ. ವರೆಗೆ ಬಂದವಳು ನಾನೇ ಮೊದಲನೆಯವಳು. ಅವ್ವ ಟಿ.ವಿ.ಯನ್ನೂ ನನ್ನನ್ನೂ ಒಮ್ಮೊಮ್ಮೆ ನೋಡಿ ಸುಮ್ಮನಾದಳು.

2024 ರ ಕೊನೆಯಲ್ಲಿ ಸ್ನೇಹಾಳನ್ನು ಕಥೆಯಲ್ಲಿ ಸಾಯಿಸಿದರು. ಅವಳ ಹೃದಯವನ್ನು ಸ್ನೇಹಾ ಎಂಬ ಹೆಸರಿನವಳೇ ಆದ ಮತ್ತೊಬ್ಬ ಹುಡುಗಿಗೆ ಕಸಿಮಾಡಿ ಕಥೆಯನ್ನು ಮುಂದೆ ನಡೆಸಿದರು. ಅಲ್ಲಿಂದ ಮುಂದಿನದನ್ನು ನಾನು ಈ ಧಾರಾವಾಹಿಯ ಕೊನೆಯ ಕಾಂಡವೆಂದು ಕರೆಯುತ್ತೇನೆ.

ಹತ್ತಿ ಬಿಡಿಸುವ ದಿನಗಳವು. ಮರುದಿನ ಹೊಲದಲ್ಲಿ ಹೆಂಗಸರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲವಂತೆ. ಓಣಿಯ ಹಿರಿಯಳೊಬ್ಬಳು ಅವ್ವನಿಗೆ, “ಅಷ್ಟ ಓದಿಸಿ ಏನ ಬಂತವಾ? ಕಡೀಕ ಮಣ್ಣಿಗಿ ಹೋತು” ಎಂದಳಂತೆ. ಅವಳು ಅಂದದ್ದು ಸ್ನೇಹಾಳನ್ನು ಕುರಿತು. ಆದರೆ ಆ ಮುದುಕಿಯ ಮನೆಯಲ್ಲಿ ಹತ್ತನೆಯ ಇಯತ್ತೆಯ ಮೊಮ್ಮಗಳೊಬ್ಬಳಿದ್ದಾಳೆ. ಧಾರಾವಾಹಿಯ ಕೊನೆ ಬರಿಯ ಮನರಂಜನೆಯ ಮಾತಲ್ಲವೆಂದು ನನಗೆ ಅಂದು ತಿಳಿಯಿತು.

ಹಾಗಾದರೆ ಒಂದು ಕಥೆಯ ಕೊನೆಯನ್ನು ಯಾವ ಅಳತೆಯಿಂದ ಅಳೆಯಬೇಕು? ಸುಖಾಂತವಾಗಿದ್ದರೆ ಒಳ್ಳೆಯದು, ದುಃಖಾಂತವಾಗಿದ್ದರೆ ಕೆಟ್ಟದ್ದು ಎಂದು ಹೇಳುವಂತಿಲ್ಲ. ಕರ್ಣ ಸತ್ತನೆಂದು ಭಾರತವನ್ನು ಯಾರೂ ಬಯ್ಯಲಿಲ್ಲ. ಕರ್ಣನ ಸಾವು ಅವನ ಹುಟ್ಟಿನಿಂದಲೂ ಅವನ ಬೆನ್ನ ಹಿಂದೆಯೇ ನಡೆದು ಬಂದದ್ದು. ಕೊನೆಯು ಕಥೆಯ ಒಡಲಿನಿಂದ ಹುಟ್ಟಿತೋ, ಹೊರಗಿನಿಂದ ಬಂದು ಮೇಲೆ ಬಿದ್ದಿತೋ ಎಂಬುದೇ ನಿಜವಾದ ಪ್ರಶ್ನೆ.

ಇದಕ್ಕೆ ಸಾಕ್ಷಿಯನ್ನು ಹುಡುಕಲು ನಾವು ದೂರ ಹೋಗಬೇಕಿಲ್ಲ. ಅಣ್ಣಿಗೇರಿಯ ನಂಟುಳ್ಳ ಪಂಪನು 941 ರ ಸುಮಾರಿಗೆ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಭಾರತದ ಕೊನೆಯನ್ನೇ ತಿರುಗಿಸಿದನು. ಧರ್ಮರಾಯನ ಬದಲು ಅರ್ಜುನನಿಗೆ, ಸುಭದ್ರೆಯ ಸಂಗಡ, ಪಟ್ಟಾಭಿಷೇಕವಾಗುತ್ತದೆ. ಆದರೆ ಪಂಪನು ಅದಕ್ಕೆ ಮೊದಲಿನಿಂದಲೇ ನೆಲ ಹದಮಾಡಿದ್ದನು. ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಅವನನ್ನೇ ಕಥಾನಾಯಕನನ್ನಾಗಿ ಮಾಡಿದ್ದನು, ದ್ರೌಪದಿಯನ್ನು ಅವನೊಬ್ಬನ ಹೆಂಡತಿಯನ್ನಾಗಿ ಇಟ್ಟಿದ್ದನು. ಕೋಳಿವಾಡದ ಕುಮಾರವ್ಯಾಸನಾದರೋ ಹತ್ತು ಪರ್ವಗಳಿಗೇ ತನ್ನ ಭಾರತವನ್ನು ನಿಲ್ಲಿಸಿದನು. ಉಳಿದ ಪರ್ವಗಳನ್ನು ಮುಂದೆ ತಿಮ್ಮಣ್ಣ ಕವಿ ಹೇಳಬೇಕಾಯಿತು. ಆದರೂ ಗದುಗಿನ ಭಾರತ ಅರ್ಧಕ್ಕೆ ಬಿಟ್ಟ ಕಥೆಯೆಂದು ಕೇಳುವವರಿಗೆ ಅನಿಸುವದಿಲ್ಲ. ಕೊನೆಯನ್ನು ಬದಲಿಸಬಹುದು, ಬೇಗ ನಿಲ್ಲಿಸಲೂಬಹುದು. ಮೊದಲಿನ ಮಾತಿಗೆ ತಪ್ಪಬಾರದು. ನಮ್ಮ ಎರೆನೆಲದ ಕವಿಗಳಿಬ್ಬರು ಕಲಿಸುವ ಪಾಠವಿದು.

ಸ್ನೇಹಾಳ ಸಾವು ಈ ಒರೆಗೆ ನಿಲ್ಲುವದಿಲ್ಲ. ಅದರ ಕಾರಣ ಕಥೆಯ ಒಳಗಿರಲಿಲ್ಲ. ಪಾತ್ರಧಾರಿಯು ಓದಿನ ಸಲುವಾಗಿ ಧಾರಾವಾಹಿಯನ್ನು ಬಿಟ್ಟರೆಂದು ಪತ್ರಿಕೆಗಳಲ್ಲಿ ಬಂದಿತು. ಅದಕ್ಕಾಗಿ ಅವರನ್ನು ದೂರುವವರು ಸ್ನೇಹಾಳ ಪಾತ್ರವನ್ನೇ ಅರಿಯದವರು. ಸ್ನೇಹಾ ಹೇಳಿದ್ದಾದರೂ ಓದಬೇಕೆಂದೇ ಅಲ್ಲವೆ? ನಟಿ ಹೋದದ್ದು ತಪ್ಪಲ್ಲ. ಅವರು ಹೋದರೆಂದು ಸ್ನೇಹಾಳನ್ನೂ ಮುಗಿಸಿದ್ದು ತಪ್ಪು. ಆಮೇಲೆ ಕಥೆಯ ಕಣ್ಣೆಲ್ಲ ಆ ಹೃದಯದ ಮೇಲೆ ನೆಟ್ಟಿತು, ಗಂಡ ಕಂಠಿಯ ದುಃಖದ ಮೇಲೆ ನೆಟ್ಟಿತು. ಜಿಲ್ಲಾಧಿಕಾರಿಯ ಕುರ್ಚಿ ಮರೆಗೆ ಸರಿಯಿತು. ಮೆಸ್ಸಿನ ಹೊಗೆಯಲ್ಲಿ ತಾಯಿ ಓದಿಸಿದ ಓದಿಗೆ ಏನಾಯಿತೆಂದು ಕೇಳುವವರಿಲ್ಲವಾಯಿತು. ಮಗಳನ್ನು ಕಳೆದುಕೊಂಡ ಪುಟ್ಟಕ್ಕನ ಅಳುವಿನಲ್ಲಿ ಉಮಾಶ್ರೀಯವರು ಕೊರತೆ ಮಾಡಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಒಳ್ಳೆಯ ಅಭಿನಯವು ಕೆಟ್ಟ ತಿರುವನ್ನು ಕ್ಷಣಹೊತ್ತು ಮರೆಸಬಲ್ಲದೇ ಹೊರತು ತಿದ್ದಲಾರದು.

ಇದು ಇದೊಂದೇ ಧಾರಾವಾಹಿಯ ಕೊರತೆಯಲ್ಲ. ‘ಜೊತೆ ಜೊತೆಯಲಿ’ಯಲ್ಲಿ 2022 ರಲ್ಲಿ ನಾಯಕನಟ ಬದಲಾದಾಗ ಅಪಘಾತ, ಶಸ್ತ್ರಚಿಕಿತ್ಸೆಗಳ ನೆವದಿಂದ ಆರ್ಯವರ್ಧನನಿಗೆ ಬೇರೊಂದು ಮುಖ ಕೊಟ್ಟರು. ಮರಾಠಿಯಲ್ಲಿ ಒಂದು ವರ್ಷದೊಳಗೆ ಮುಗಿದಿದ್ದ ಆ ಕಥೆ ಕನ್ನಡದಲ್ಲಿ 2019 ರಿಂದ 2023 ರ ವರೆಗೆ ಎಳೆಯಿತು. ಟಿ. ಎನ್. ಸೀತಾರಾಮರ ‘ಮಗಳು ಜಾನಕಿ’ಯ ಗತಿ ಇದಕ್ಕೆ ವಿರುದ್ಧವಾದದ್ದು. 2018 ರಲ್ಲಿ ಮೊದಲಾಗಿ, 2020 ರ ಲಾಕ್‌ಡೌನಿನಲ್ಲಿ ಅದು ಮಂಗಳವಿಲ್ಲದೆ ನಿಂತುಹೋಯಿತು. ಒಂದನ್ನು ಎಳೆದರು, ಒಂದು ಹರಿಯಿತು. ಎರಡರಲ್ಲಿಯೂ ಕೊನೆಯನ್ನು ನಿರ್ಣಯಿಸಿದ್ದು ಕಥೆಯಲ್ಲ.

“ಧಾರಾವಾಹಿ ಒಂದು ವ್ಯಾಪಾರ; ಅದರಲ್ಲಿ ನೋಡುಗರಿಗೇನು ಹಕ್ಕು?” ಎಂದು ಗೆಳೆಯರೊಬ್ಬರು ವಾದಿಸಿದರು. 1988 ರಲ್ಲಿ ದೂರದರ್ಶನದ ‘ರಾಮಾಯಣ’ವು ಉತ್ತರಕಾಂಡವಿಲ್ಲದೆ ಮುಗಿದಾಗ ಜಲಂಧರ ಮೊದಲಾದ ಉತ್ತರದ ಊರುಗಳಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ವಾಲ್ಮೀಕಿಯನ್ನು ತಮ್ಮವನೆಂದು ಪೂಜಿಸುವ ಜನರವರು. ಅವನು ಲವಕುಶರನ್ನು ಸಾಕಿದ ಕಥೆ ಬಿಟ್ಟುಹೋಗುವದು ಅವರಿಗೆ ಒಪ್ಪಿಗೆಯಾಗಲಿಲ್ಲ. ಸರಕಾರ ಮಣಿಯಿತು, ಲವಕುಶರ ಕಥೆ ತೆರೆಗೆ ಬಂದಿತು. ಕಸ ಗುಡಿಸುವ ಕೈಗಳು ಕಥೆಯ ಕೊನೆಯನ್ನು ಕೇಳಿ ಪಡೆದವು. ಇದಕ್ಕಿಂತ ದೊಡ್ಡ ವಿಮರ್ಶೆ ಯಾವದು?

ನಾವು ಮುಷ್ಕರ ಹೂಡಲಿಲ್ಲ. ಆದರೆ ನಾನು ಓದಿದ ಯಾವ ಬರಹಕ್ಕಿಂತಲೂ ಒಳ್ಳೆಯ ವಿಮರ್ಶೆಯನ್ನು ಅವ್ವ ರೊಟ್ಟಿ ಬಡಿಯುತ್ತ ಹೇಳಿದಳು:

“ಅಲ್ಲವ್ವಾ, ಡಿ.ಸಿ. ಸಾಹೇಬ್ರನ್ನ ವರ್ಗಾ ಮಾಡೂದು ಎಲ್ಲಾ ಕಡೇನೂ ಐತಿ. ಈಕೀನ್ನೂ ಬೀದರಕ್ಕೋ ಎಲ್ಲಿಗೋ ವರ್ಗಾ ಮಾಡಿದ್ರ ಆಗ್ತಿದ್ದಿಲ್ಲೇನು? ವಾರಕ್ಕೊಮ್ಮಿ ತಾಯಿಗೆ ಫೋನ್ ಹಚ್ಚತಿದ್ಲು. ಕೊಲ್ಲೂದು ಯಾಕ ಬೇಕಿತ್ತು?”

ನಾನು ಬೆರಗಾದೆನು. ಪಾತ್ರದ ಉದ್ಯೋಗದಲ್ಲಿಯೇ ಅವಳನ್ನು ಕಳುಹಿಸಿಕೊಡುವ ಹಾದಿಯಿತ್ತು! ನಟಿ ಓದಲು ಹೋಗಬಹುದಿತ್ತು, ಸ್ನೇಹಾ ದೂರದ ಜಿಲ್ಲೆಯಲ್ಲಿ ಆಳಬಹುದಿತ್ತು, ಪುಟ್ಟಕ್ಕ ಮಗಳಿಗಾಗಿ ಉಂಡಿ ಕಟ್ಟಿ ಕಳಿಸಬಹುದಿತ್ತು. ಓಣಿಯ ಮುದುಕಿಗೆ ಆ ಮಾತನ್ನಾಡಲು ಎಡೆಯೇ ಇರುತ್ತಿರಲಿಲ್ಲ.

ಮುಂದೆ ಕಥೆ ಬರೆಯುವವರು ನಮ್ಮಲ್ಲಿಯೂ ಇರಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೆ: ಹಳ್ಳಿಯ ಹುಡುಗಿಯನ್ನು ಕುರ್ಚಿಯ ವರೆಗೆ ಕರೆತಂದರೆ, ಕಥೆ ಮುಗಿಯುವಾಗ ಆ ಕುರ್ಚಿಯನ್ನು ಖಾಲಿ ಬಿಟ್ಟು ಹೋಗಬೇಡಿರಿ. ಮುದುಕಿಯ ಮೊಮ್ಮಗಳು ಈ ವರ್ಷವೂ ಶಾಲೆಗೆ ಹೋಗುತ್ತಿದ್ದಾಳೆ. ಸಂಜೆ ಅವಳೂ ಟಿ.ವಿ. ನೋಡುತ್ತಾಳೆ.