ವಶೀಲಿಯೂ ಸಲಹೆಯೂ

ಶಾಲೆ ಬಿಟ್ಟು ಹೋದ ನಮ್ಮ ವಿದ್ಯಾರ್ಥಿನಿಯರು ಹೊಸ ಉದ್ಯೋಗವನ್ನು ಹುಡುಕುವಾಗ, "ಅಲ್ಲಿ ಯಾರ ವಶೀಲಿ ನಡೆಯುತ್ತದೆ?" ಎಂದು ತಾಯ್ತಂದೆಗಳು ಮೊದಲು ವಿಚಾರಿಸುವದುಂಟು, ಕೆಲವರು ದಲಾಲರಿಗೆ ಹಣವನ್ನೂ ಕೊಡುವರು. ವಶೀಲಿಯಿಂದ ಒಂದು ಸ್ಥಳ ಸಿಕ್ಕೀತು. ಆದರೆ ಆ ಕೆಲಸವು ತನಗೆ ಒಪ್ಪುವದೋ ಇಲ್ಲವೋ ಎಂಬದು ಬಲ್ಲವರ ಸಲಹೆಯಿಂದಲೇ ತಿಳಿಯತಕ್ಕದ್ದು.

ಸಲಹೆ ಕೇಳುವದರಲ್ಲಿ ಅವಮಾನವೇನೂ ಇಲ್ಲ. ಗಂಗೂಬಾಯಿ ಹಾನಗಲ್ಲರು ಹಾಡುಗಾರಿಕೆಯಲ್ಲಿ ಹೆಸರು ಪಡೆದ ಮೇಲೆಯೂ ಹುಬ್ಬಳ್ಳಿಯಿಂದ ರೈಲಿನಲ್ಲಿ ನಮ್ಮ ಕುಂದಗೋಳಕ್ಕೆ ಬಂದು, ಸವಾಯಿ ಗಂಧರ್ವರಿಂದ ತಮ್ಮ ವಿದ್ಯೆಯನ್ನು ತಿದ್ದಿಸಿಕೊಂಡರು.

ಉದ್ಯೋಗ ಹುಡುಕುವವರಿಗಾಗಿ ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯುಂಟು. ಅಲ್ಲಿ ಹೆಸರು ನೋಂದಿಸಲು ಹಣ ಕೊಡಬೇಕಾಗಿಲ್ಲ. ಆದರೆ ಬಾಣಂತನದ ನಿಮಿತ್ತ ನಾಲ್ಕು ವರ್ಷ ಕೆಲಸ ಬಿಟ್ಟವಳು ಅರ್ಜಿಯಲ್ಲಿ ಏನು ಬರೆಯಬೇಕು, ಸಂದರ್ಶನದಲ್ಲಿ ಹೇಗೆ ಉತ್ತರಿಸಬೇಕು ಎಂಬದನ್ನು ಆ ದಾರಿಯಲ್ಲಿ ನಡೆದವಳೇ ಚೆನ್ನಾಗಿ ಹೇಳಬಲ್ಲಳು. ಆದಕಾರಣ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ಒಬ್ಬೊಬ್ಬ ತಂಗಿಯ ಕೈಹಿಡಿದು ನಡಿಸಬೇಕೆಂಬದೇ ನಮ್ಮ ಅಭಿಪ್ರಾಯವು. ದೇವರು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಡುವದು ನಮ್ಮಲ್ಲಿ ಯಾರಿಗೂ ಶೋಭಿಸದು.